ಎಂಟೇ ದೀಪ

ಕಾರ್ತಿಕ ಬಂತೆಂದರೆ ನಮ್ಮ ತಾಯಿಯವರಿಗೆ ಊರಿನ ದೇವಸ್ಥಾನದ ದೀಪೋತ್ಸವದ ನೆನಪು. ಮಂಡಿನೋವಿನ ದೆಸೆಯಿಂದ ಅವರು ಪುಣೆ ಬಿಟ್ಟು ಊರ ಕಡೆ ಹೋಗಿ ನಾಲ್ಕು ವರ್ಷವಾಯಿತು. ಅವರ ಪೇಚಾಟ ನೋಡಲಾರದೆ ನನ್ನ ಮಗಳು, "ಅಜ್ಜಿ, ದೇವಸ್ಥಾನಾನೇ ಇಲ್ಲಿಗೆ ತರ್ತೀನಿ ಬಿಡಿ" ಎಂದು ಮಾತು ಕೊಟ್ಟುಬಿಟ್ಟಳು.

ಕಂಪ್ಯೂಟರ್ ಆಟಗಳನ್ನು ಕಟ್ಟುವುದು ಅವಳ ಹವ್ಯಾಸ. ಅದಕ್ಕೆ ಗೇಮ್ ಎಂಜಿನ್ ಎಂಬ ಸಲಕರಣೆ ಬೇಕು. ಅವಳದು ಗೊಡೋ, ಅರ್ಜೆಂಟೀನಾದ ಇಬ್ಬರು ಆರಂಭಿಸಿದ್ದು, 2014ರಿಂದ ಎಲ್ಲರಿಗೂ ಮುಕ್ತ, ಬಿಡಿಗಾಸಿನ ಖರ್ಚಿಲ್ಲ. ತಂದೆಯಾದ ನನಗೆ ಈ ಕೊನೆಯ ಗುಣವೇ ಹೆಚ್ಚು ಹಿಡಿಸಿತು.

ಪ್ರಾಕಾರ, ಕಂಬ, ಕಲ್ಲುಹಾಸು ಎಲ್ಲ ಎದ್ದವು. 108 ಹಣತೆಗಳು ಸಾಲಾಗಿ ಕುಳಿತವು. ಆದರೆ ಮೊಬೈಲಿನಲ್ಲಿ ತೆರೆದು ನೋಡಿದರೆ, ಅಂಗಳದ ನೆಲದ ಮೇಲೆ ಎಂಟೇ ದೀಪದ ಬೆಳಕು! ಉಳಿದ 100 ದೀಪಗಳಿಗೆ ಕುಡಿಯುಂಟು, ಬೆಳಕಿಲ್ಲ. "ಎಣ್ಣೆ ಯಾರಾದರೂ ಕದ್ದರೇನಮ್ಮ?" ಎಂದೆ. ಮಗಳು ನಗಲಿಲ್ಲ.

ಸಂಗತಿ ಇಷ್ಟೆ. ತೆರೆಯ ಮೇಲಿನ ಒಂದೊಂದು ಚುಕ್ಕೆಗೂ, ಅದರ ಮೇಲೆ ಬೀಳುವ ಒಂದೊಂದು ದೀಪದ ಲೆಕ್ಕವನ್ನೂ ಮಾಡಬೇಕು. ಸೆಕೆಂಡಿಗೆ 60 ಚಿತ್ರ ಮೂಡಬೇಕಾದರೆ ಒಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡು. ಅಷ್ಟರಲ್ಲಿ ಲೆಕ್ಕ ಮುಗಿಯದಿದ್ದರೆ ಆಟ ಮುಗ್ಗರಿಸುತ್ತದೆ. ಆದ್ದರಿಂದ ಗೊಡೋ ನಾಲ್ಕರ ಮೊಬೈಲ್ ಪದ್ಧತಿಯಲ್ಲಿ, ಒಂದೇ ತುಂಡಾಗಿ ಮಾಡಿದ ವಸ್ತುವಿಗೆ ಹಣತೆಯಂತೆ ಸುತ್ತಲೂ ಬೆಳಗುವ ದೀಪ ಎಂಟಕ್ಕಿಂತ ಹೆಚ್ಚು ಸಲ್ಲದು. ಮಗಳು ಇಡೀ ಅಂಗಳವನ್ನು ಒಂದೇ ತುಂಡಾಗಿ ಮಾಡಿದ್ದಳು.

ಅಂಗಳವನ್ನು ಚೌಕ ಚೌಕವಾಗಿ ಕತ್ತರಿಸಿದಳು. ಪ್ರತಿ ಚೌಕಕ್ಕೂ ಹತ್ತಿರದ ದೀಪಗಳಷ್ಟೇ ತಾಗುವಂತೆ ಬೆಳಕಿನ ವ್ಯಾಪ್ತಿಯನ್ನು ಕುಗ್ಗಿಸಿದಳು. ಅಂಗಳವೆಲ್ಲ ಬೆಳಗಿತು. ಆದರೆ ನೆರಳನ್ನೂ ಸೇರಿಸಿದಾಗ ಬಂತು ಕಷ್ಟ. ನೆರಳು ಬೇಕೆಂದರೆ ದೀಪವೊಂದೊಂದರ ಕಡೆಯಿಂದಲೂ ದೃಶ್ಯವನ್ನು ಮತ್ತೆ ಬರೆಯಬೇಕಂತೆ. ಮೊಬೈಲು ದೋಸೆಯ ಕಾವಲಿಯಂತೆ ಕಾಯ್ದು, ದೇವಸ್ಥಾನ ಕುಂಟತೊಡಗಿತು.

ಉಳಿದದ್ದು ಒಂದು ಹಳೆಯ ಉಪಾಯ. ಬೆಳಕನ್ನು ಮೊದಲೇ ಲೆಕ್ಕ ಹಾಕಿ, ಗೋಡೆಗೂ ನೆಲಕ್ಕೂ ಬಣ್ಣದಂತೆ ಬಳಿದುಬಿಡುವುದು. ಲೈಟ್‌ಮ್ಯಾಪ್ ಎಂದು ಇದರ ಹೆಸರು. 1996ರ ಕ್ವೇಕ್ ಎಂಬ ಆಟದಲ್ಲಿಯೇ ಇದು ಇತ್ತು. ಆಡುವಾಗ ಆ ಲೆಕ್ಕವಿಲ್ಲ, ಭಾರವಿಲ್ಲ. ಒಂದೇ ಕೊರತೆ: ದೀಪವನ್ನು ಎತ್ತಿಕೊಂಡು ಹೋದರೂ ಬೆಳಕು ಇದ್ದಲ್ಲೇ ಇರುತ್ತದೆ.

"ಒಂದು ದೀಪ ಮಾತ್ರ ನಿಜವಾಗಿ ಉರಿಯೋ ಹಾಗೆ ಇಡಬಹುದು ಅಜ್ಜಿ, ಯಾವುದನ್ನ ಇಡಲಿ?" ಎಂದಳು ಮಗಳು.

ಗರ್ಭಗುಡಿಯ ನಂದಾದೀಪವನ್ನು ಹೇಳುತ್ತಾರೆಂದು ನಾನು ಎಣಿಸಿದ್ದೆ. ಅಮ್ಮ ಸ್ವಲ್ಪ ಯೋಚಿಸಿ, "ಮಿಕ್ಕಿದ್ದೆಲ್ಲ ಹಚ್ಚಿದ ಜಾಗದಲ್ಲೇ ಇರತ್ತೆ ಮಗು. ಅವನ್ನ ಹಚ್ಚೋದಕ್ಕೆ ಅಂತ ಕೈಯಲ್ಲಿ ಹಿಡಕೊಂಡು ಹೋಗ್ತಿದ್ದೆನಲ್ಲ, ಅದು" ಎಂದರು.

ಹಾಗೆಯೇ ಆಯಿತು. 107 ದೀಪಗಳ ಬೆಳಕು ಗೋಡೆ ನೆಲಗಳಿಗೆ ಅಂಟಿತು. ಒಂದು ದೀಪ ಅಮ್ಮನ ಪಾಲಿಗೆ ಉಳಿಯಿತು. ಮೊನ್ನೆ ಸಂಜೆ ಮೊಬೈಲನ್ನು ಅವರ ಕೈಗಿತ್ತೆವು. ಅವರ ದೀಪ ಮುಂದೆ ಸರಿದಂತೆ ಕಂಬಗಳ ನೆರಳೂ ಒಂದೊಂದಾಗಿ ಸರಿಯುತ್ತ ಹೋಯಿತು. ಮಗಳು ಮೂಲೆಯ ಅಂಕಿಯನ್ನೇ ನೋಡುತ್ತಿದ್ದಳು, 60 ಕದಲಲಿಲ್ಲ.

ಅಮ್ಮ ಇನ್ನೊಂದು ಕೈಯನ್ನು ಮೊಬೈಲಿಗೆ ಮರೆ ಹಿಡಿದು, ನನ್ನ ಕಡೆ ತಿರುಗದೆಯೇ, "ಫ್ಯಾನು ನಿಲ್ಲಿಸಪ್ಪ" ಎಂದರು.