ಐವರ ಹೆಸರು, ಇಬ್ಬರ ಗುಟ್ಟು

ಪ್ರೀತಿಯ ಪುಟ್ಟಿ,

ನೀನು ಅನುವಾದಿಸುತ್ತಿರುವ ಲೇಖನದಲ್ಲಿ ‘ಕಬಾಲ್’ ಎಂದು ಬಂದಲ್ಲೆಲ್ಲ ‘ಷಡ್ಯಂತ್ರ’ ಅಂತ ಹಾಕಿದರೆ ಸಾಕೇ ಎಂದು ಕೇಳಿದ್ದೀಯ. ಸಾಲದು ಕಣೇ. ಷಡ್ಯಂತ್ರ, ಪಿತೂರಿ, ಒಳಸಂಚು ಇವೆಲ್ಲ ಮಾಡುವ ಕೆಲಸದ ಹೆಸರು. ಕಬಾಲ್ ಅಂದರೆ ಹೆಚ್ಚಾಗಿ ಆ ಕೆಲಸಕ್ಕೆ ಕೂತ ಜನ. ಅದರಲ್ಲೂ ಬೆರಳೆಣಿಕೆಯ ಜನ, ಅಧಿಕಾರದ ಮಗ್ಗುಲಲ್ಲೇ ಇರುವವರು. ಅರಸನನ್ನು ಕೆಡವಲು ಊರಾಚೆ ಸೇರಿದವರಿಗಿಂತ, ಅರಸನ ಕಿವಿಗೆ ಹತ್ತಿರವಾಗಿ ಕೂತವರಿಗೆ ಆ ಪದ ಚೆನ್ನಾಗಿ ಒಪ್ಪುತ್ತದೆ. ‘ಸಂಚುಕೂಟ’ ಅಂತ ಬರೆದು ನೋಡು, ನನ್ನ ಕಿವಿಗಂತೂ ಸರಿಯೆನಿಸುತ್ತದೆ.

ಮೂಲ ಹೀಬ್ರೂವಿನ ‘ಕಬ್ಬಾಲಾ’. ಪರಂಪರೆಯಿಂದ ಪಡೆದದ್ದು ಎಂದರ್ಥ. ಯಹೂದಿ ಅನುಭಾವಿಗಳು ಗುರುಮುಖೇನ ಕಲಿಯುತ್ತಿದ್ದ ವಿದ್ಯೆ ಅದು. ಹೊರಗಿನವರಿಗೆ ತಿಳಿಯದ್ದರ ಬಗ್ಗೆ ಗುಮಾನಿ ಹುಟ್ಟುವುದಕ್ಕೆ ಎಷ್ಟು ಹೊತ್ತು? ಫ್ರೆಂಚಿಗೆ ಹೋಗಿ, ಹದಿನೇಳನೇ ಶತಮಾನದಲ್ಲಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಅದು ಗುಪ್ತ ಗುಂಪಿಗೆ, ಒಳಸಂಚಿಗೆ ಹೆಸರಾಗಿತ್ತು. ನಮ್ಮ ‘ಮಸಲತ್ತು’ ಕೂಡ ಅರಬ್ಬಿಯಲ್ಲಿ ಹಿತ, ಒಳಿತು ಎನ್ನುವ ಅರ್ಥದ್ದು. ಈಗ ‘ಏನೋ ಮಸಲತ್ತು ನಡೀತಿದೆ’ ಅಂದರೆ ಯಾರೂ ಒಳ್ಳೆಯದನ್ನು ನೆನೆಯುವುದಿಲ್ಲ.

ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ನ ಐವರು ಸಚಿವರ ಮೊದಲಕ್ಷರಗಳಿಂದ ಈ ಪದ ಹುಟ್ಟಿತು ಅಂತ ನಿನ್ನ ಲೇಖಕರು ಬರೆದಿದ್ದಾರಲ್ಲ, ಅದು ತಪ್ಪು. ಪದ ಅವರಿಗಿಂತ ಮೊದಲೇ ಇತ್ತು. 1668ರಿಂದ 1674ರವರೆಗೆ ದೊರೆಯ ಸುತ್ತ ಇದ್ದ ಕ್ಲಿಫರ್ಡ್, ಆರ್ಲಿಂಗ್ಟನ್, ಬಕಿಂಗ್‌ಹ್ಯಾಮ್, ಆಶ್ಲಿ, ಲಾಡರ್‌ಡೇಲ್ ಇವರ ಮೊದಲಕ್ಷರಗಳನ್ನು ಇಂಗ್ಲಿಷಿನಲ್ಲಿ ಸಾಲಾಗಿ ಜೋಡಿಸಿದರೆ ಆ ಪದವೇ ಆಗುತ್ತದೆ. ಕಾಕತಾಳೀಯ ಅಷ್ಟೇ, ಆದರೆ ಜನ ಬಿಟ್ಟಾರೆಯೇ!

ಇಲ್ಲಿ ಸ್ವಲ್ಪ ನಿಂತು ನೋಡು. 1670ರ ಮೇ ತಿಂಗಳಲ್ಲಿ ದೊರೆಯ ತಂಗಿ ಹೆನ್ರಿಯೆಟಾ ಫ್ರಾನ್ಸಿನಿಂದ ಡೋವರ್‌ಗೆ ಬಂದಳು. ಅಲ್ಲಿನ ದೊರೆ ಹದಿನಾಲ್ಕನೇ ಲೂಯಿಯ ತಮ್ಮನ ಹೆಂಡತಿ ಆಕೆ. ತೌರಿನವರನ್ನು ನೋಡಲು ಬಂದಳೆಂಬುದು ಹೊರಗಿನ ಮಾತು, ಒಳಗೆ ನಡೆದದ್ದು ಗುಪ್ತ ಒಪ್ಪಂದ. ಚಾರ್ಲ್ಸ್ ಕ್ಯಾಥಲಿಕ್ ಆಗುವುದಾಗಿ ಘೋಷಿಸಬೇಕು, ಡಚ್ಚರ ಮೇಲಿನ ಯುದ್ಧಕ್ಕೆ ಕೈಜೋಡಿಸಬೇಕು. ಬದಲಿಗೆ ಲೂಯಿ ಹಣ ಕೊಡುತ್ತಾನೆ, ಪ್ರಜೆಗಳು ದಂಗೆಯೆದ್ದರೆ 6,000 ಸೈನಿಕರನ್ನೂ ಕಳಿಸುತ್ತಾನೆ. ಊರಿಗೆ ಮರಳಿದ ಕೆಲವೇ ವಾರಗಳಲ್ಲಿ ಹೆನ್ರಿಯೆಟಾ ತೀರಿಕೊಂಡಳು. ಇಪ್ಪತ್ತಾರು ವರ್ಷ, ಪಾಪ.

ಆ ಐವರಲ್ಲಿ ಈ ಗುಟ್ಟು ಗೊತ್ತಿದ್ದದ್ದು ಕ್ಲಿಫರ್ಡ್ ಮತ್ತು ಆರ್ಲಿಂಗ್ಟನ್ ಇಬ್ಬರಿಗೆ ಮಾತ್ರ. ಉಳಿದ ಮೂವರ ಕಣ್ಣಿಗೆ ಮಣ್ಣೆರಚಲು ಮತಾಂತರದ ಮಾತನ್ನು ಕೈಬಿಟ್ಟ ಇನ್ನೊಂದು ಒಪ್ಪಂದ ಬರೆಸಿ, ಅದೇ ಡಿಸೆಂಬರಿನಲ್ಲಿ ಐವರಿಂದಲೂ ಸಹಿ ಹಾಕಿಸಿದರು. ಬಕಿಂಗ್‌ಹ್ಯಾಮ್ ಅಂತೂ ಅದರ ಮಾತುಕತೆಗೆಂದು ಫ್ರಾನ್ಸಿಗೂ ಹೋಗಿದ್ದ! ಲೋಕ ಯಾರನ್ನು ಒಂದೇ ಸಂಚುಕೂಟ ಅಂತ ಹೆಸರಿಟ್ಟು ಕರೆಯಿತೋ ಅವರಲ್ಲಿ ಮೂವರು ತಾವೇ ಮೋಸಹೋದವರು. 1673ರಲ್ಲಿ, ಸರ್ಕಾರಿ ಹುದ್ದೆಯಲ್ಲಿರುವವರು ಕ್ಯಾಥಲಿಕ್ ಅಲ್ಲವೆಂದು ಪ್ರಮಾಣ ಮಾಡಬೇಕೆಂಬ ಕಾಯ್ದೆ ಬಂದಾಗ ಕ್ಲಿಫರ್ಡ್ ಹುದ್ದೆ ಬಿಟ್ಟ, ಆ ವರ್ಷವೇ ಸತ್ತ. ದೊರೆಯಂತೂ ಮತಾಂತರವನ್ನು 1685ರ ಮರಣಶಯ್ಯೆಯವರೆಗೂ ಮುಂದೂಡಿದ. ಈ ಕಥೆಯನ್ನು ಇಷ್ಟು ಉದ್ದ ಬರೆದದ್ದು ಯಾಕೆಂದರೆ, ಇಲ್ಲಿ ಸಂಚು ನಿಜವಾಗಿಯೂ ಇತ್ತು. ಕಾಗದ ಇದೆ, ಸಹಿ ಇದೆ, ಯಾರಿಗೆ ಎಷ್ಟು ಗೊತ್ತಿತ್ತು ಎಂದು ಬೇರ್ಪಡಿಸಿ ಹೇಳಲು ಆಗುತ್ತದೆ.

ನನಗೆ ಭಯವಾಗುವುದು ಇದೇ ಪದದ ಇನ್ನೊಂದು ಬಳಕೆಯ ಬಗ್ಗೆ. ಜಗತ್ತನ್ನೇ ಒಂದು ಗುಪ್ತ ಕೂಟ ಆಡಿಸುತ್ತಿದೆ ಎಂಬ ಮಾತು ಕೇಳಿರುತ್ತೀಯ. 1903ರಲ್ಲಿ ರಷ್ಯಾದ ಪತ್ರಿಕೆಯೊಂದರಲ್ಲಿ ‘ಜಿಯೋನಿನ ಹಿರಿಯರ ನಿರ್ಣಯಗಳು’ ಎಂಬ ಬರಹ ಅಚ್ಚಾಯಿತು. ಯಹೂದಿ ಮುಖಂಡರು ಲೋಕವನ್ನು ವಶಪಡಿಸಿಕೊಳ್ಳಲು ಕೂತು ಮಾಡಿದ ಸಂಚಂತೆ! 1921ರಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಅದರ ಬಂಡವಾಳ ಬಯಲು ಮಾಡಿತು. ಮೂರನೇ ನೆಪೋಲಿಯನ್‌ನನ್ನು ಟೀಕಿಸಿ ಮೋರಿಸ್ ಜೋಲಿ 1864ರಲ್ಲಿ ಬರೆದ ಪುಸ್ತಕದಿಂದ ಪುಟಗಟ್ಟಲೆ ಕದ್ದು ಹೊಲಿದದ್ದು ಅದು. ಮೂಲದಲ್ಲಿ ಯಹೂದಿಗಳ ಪ್ರಸ್ತಾಪವೇ ಇಲ್ಲ. ಆದರೂ ನಾಜಿಗಳು ಅದನ್ನು ತಮ್ಮ ಪ್ರಚಾರಕ್ಕೆ ಬಳಸಿಕೊಂಡರು. ಯಹೂದಿಗಳ ವಿದ್ಯೆಯಿಂದಲೇ ಬಂದ ಪದ ಇವತ್ತಿಗೂ ಅವರ ಮೇಲೆಯೇ ಎರಚುವ ಕೆಸರಾಗಿರುವುದು ನನಗೆ ಸಹಿಸಲಾಗದ ಸಂಗತಿ.

ಹಾಗಾಗಿ ಪುಟ್ಟಿ, ಡೋವರ್‌ನ ಭಾಗದಲ್ಲಿ ‘ಸಂಚುಕೂಟ’ ಧೈರ್ಯವಾಗಿ ಬರೆ. ಕೊನೆಯ ಪುಟದಲ್ಲಿ, ಇವತ್ತೂ ಅಂಥದೊಂದು ಕೂಟ ದೇಶಗಳನ್ನು ಆಳುತ್ತಿದೆ ಅಂತ ಹಾಗೇ ತೇಲಿಸಿ ಬಿಟ್ಟಿದ್ದಾರಲ್ಲ, ಆ ವಾಕ್ಯವನ್ನು ಅನುವಾದಿಸುವ ಮೊದಲು ಲೇಖಕರಿಗೆ ಫೋನು ಮಾಡು. ಯಾರು, ಯಾವಾಗ, ಆಧಾರ ಏನು ಅಂತ ಕೇಳು. ಹೇಳದಿದ್ದರೆ ಆ ವಾಕ್ಯ ಬಿಡಲು ಸಂಪಾದಕರನ್ನು ಒಪ್ಪಿಸು.

ನಿನ್ನ,
ದೊಡ್ಡಮ್ಮ