ಬೆರಳಿಗೊಂದು ಪ್ಲಾಸ್ಟಿಕ್ ಟೊಪ್ಪಿಗೆ

ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗಕ್ಕೆ ಸೇರಿದ ಹೊಸದರಲ್ಲಿ ಸಂಬಳದ ಪಟ್ಟಿಯ ಜತೆಗೆ ಇಎಸ್‌ಐ ಅಪಘಾತದ ಫಾರಂ ತುಂಬುವ ಕೆಲಸವೂ ನನ್ನ ತಲೆಗೇ ಬಿತ್ತು. ಯಾವ ಕೈ, ಯಾವ ಬೆರಳು, ಎಷ್ಟು ಗೆಣ್ಣು ಹೋಯಿತು, ಎಲ್ಲ ಬರೆಯಬೇಕು. ಪವರ್ ಪ್ರೆಸ್ ಇದ್ದ ಕಡೆ ಬೆರಳು ಹೋಗುವುದು ದೊಡ್ಡ ಸುದ್ದಿಯಲ್ಲ. ಹೋದವರು ವಾಪಸ್ ಬಂದು, ಉಳಿದ ಬೆರಳಲ್ಲೇ ಬೀಡಿ ಕಟ್ಟು ಬಿಚ್ಚುತ್ತಾ ಕ್ರಿಕೆಟ್ ಸ್ಕೋರು ಕೇಳುತ್ತಿದ್ದರು. ಹಾಗಾಗಿ ಗಿಟಾರ್ ವಾದಕ ಟೋನಿ ಅಯೋಮಿಯ ಕಥೆ ತಿಳಿದಾಗ ಉಳಿದವರಂತೆ ನಾನು ‘ಅಯ್ಯೋ’ ಎನ್ನಲಿಲ್ಲ. ‘ಬಲಗೈ, ಮಧ್ಯದ ಬೆರಳು ಮತ್ತು ಉಂಗುರದ ಬೆರಳು, ತುದಿ ಗೆಣ್ಣು’ ಎಂದು ಮನಸ್ಸಿನಲ್ಲೇ ಫಾರಂ ತುಂಬಿಕೊಂಡೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, 1965. ಶೀಟ್ ಮೆಟಲ್ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಹದಿನೇಳರ ಹುಡುಗ. ಬ್ಯಾಂಡಿನ ಜತೆ ಯುರೋಪಿಗೆ ಹೊರಟವನು ಕೆಲಸ ಬಿಟ್ಟಿದ್ದ. ಅವತ್ತೇ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ಇನ್ನು ಹೋಗಲ್ಲ ಎಂದ. ಹಿಡಿದ ಕೆಲಸ ಅರ್ಧಕ್ಕೆ ಬಿಡಬಾರದು ಎಂದು ಅವನ ತಾಯಿ ವಾಪಸ್ ಕಳಿಸಿದರು. ಪ್ರೆಸ್ ನಡೆಸುವವರು ಬಂದಿರಲಿಲ್ಲ, ಇವನನ್ನು ಅಲ್ಲಿ ನಿಲ್ಲಿಸಿದರು. ಮೆಷಿನ್ ಕೈಮೇಲೆ ಕೂತಿತು. ಎಳೆದುಕೊಂಡಾಗ ಎರಡು ಬೆರಳಿನ ತುದಿ ಅಲ್ಲೇ ಉಳಿಯಿತು. ಅಭ್ಯಾಸವಿಲ್ಲದವನನ್ನು ಪ್ರೆಸ್ ಮುಂದೆ ನಿಲ್ಲಿಸುವ ಚಾಳಿ ನಮ್ಮ ಪೀಣ್ಯದ್ದು ಮಾತ್ರ ಎಂದುಕೊಂಡಿದ್ದೆ!

ಅವನು ಎಡಚ. ಗಿಟಾರಿನ ತಂತಿ ಒತ್ತಬೇಕಾದದ್ದು ಆ ಬಲಗೈಯೇ. ಆಗ ಫೋರ್‌ಮನ್ ಒಂದು ರೆಕಾರ್ಡ್ ತಂದು ಕೇಳಿಸಿದನಂತೆ: ಜಾಂಗೋ ರೈನ್‌ಹಾರ್ಟ್. ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ನಿಷ್ಕ್ರಿಯವಾದ ಮೇಲೂ ಜಗತ್ತು ಮೆಚ್ಚುವಂತೆ ನುಡಿಸಿದವನು. ಅಯೋಮಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿದ, ಉಂಡೆ ಮಾಡಿದ, ತೂತು ಕೊರೆದ, ಉಜ್ಜಿ ನುಣುಪು ಮಾಡಿದ, ಮೇಲೆ ಹಳೇ ಜಾಕೆಟ್ಟಿನ ಚರ್ಮ ಅಂಟಿಸಿದ. ಬೆರಳಿಗೆ ಟೊಪ್ಪಿಗೆ ಸಿದ್ಧ. ಗಟ್ಟಿ ತಂತಿ ಒತ್ತಿದರೆ ನೋವು, ಅದಕ್ಕೆ ತೆಳು ತಂತಿ ಹಾಕಿದ. ಕಷ್ಟದ ಕಾರ್ಡುಗಳನ್ನು, ಅಂದರೆ ಸ್ವರಗುಚ್ಛಗಳನ್ನು, ಬಿಟ್ಟು ಎರಡೇ ಬೆರಳಿನ ದಪ್ಪ ನಾದಕ್ಕೆ ಜೋತುಬಿದ್ದ. ಮುಂದೆ ಹೆವಿ ಮೆಟಲ್ ಎಂದು ಕರೆಸಿಕೊಂಡದ್ದರ ಅಡಿಪಾಯ ಇಷ್ಟೇ. ಜನ ಅದನ್ನು ಸೈತಾನನ ಸಂಗೀತ ಎನ್ನುತ್ತಾರೆ. ನನಗೆ ಅದರಲ್ಲಿ ಶಿಫ್ಟಿನ ಸೈರನ್ನೇ ಕೇಳಿಸುತ್ತದೆ.

ಮುಂದೆ ಅವನ ಜತೆ ಬ್ಯಾಂಡ್ ಕಟ್ಟಿದ ಉಳಿದ ಮೂವರೂ ಬರ್ಮಿಂಗ್‌ಹ್ಯಾಮಿನ ಆಸ್ಟನ್ ಬಡಾವಣೆಯ ದುಡಿಯುವ ಮನೆಗಳವರೇ. ಹಾಡುವ ಆಸಿ ಆಸ್ಬೋರ್ನ್ ಕಸಾಯಿಖಾನೆಯಲ್ಲಿ ದುಡಿದಿದ್ದ, ಕಾರಿನ ಹಾರ್ನ್ ಶ್ರುತಿ ಮಾಡುವ ಕೆಲಸವನ್ನೂ ಮಾಡಿದ್ದ. ಡ್ರಮ್ಸ್ ಬಿಲ್ ವಾರ್ಡ್. ಬಾಸ್ ನುಡಿಸುವ ಗೀಜರ್ ಬಟ್ಲರ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಟ್ರೇನಿ. ನಮ್ಮವನೇ! ಮೊದಲು ‘ಅರ್ಥ್’ ಎಂದಿದ್ದ ಬ್ಯಾಂಡಿಗೆ ಹಳೆಯ ದೆವ್ವದ ಸಿನಿಮಾವೊಂದರಿಂದ ‘ಬ್ಲ್ಯಾಕ್ ಸ್ಯಾಬತ್’ ಎಂಬ ಹೆಸರು ಬಂತು.

1969ರ ಅಕ್ಟೋಬರ್ 16ರಂದು ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ ಮೊದಲ ಆಲ್ಬಂ ರೆಕಾರ್ಡ್ ಆಯಿತು. ಹೆಚ್ಚುಕಮ್ಮಿ ಹನ್ನೆರಡು ಗಂಟೆ, ಒಂದೇ ದಿನ. ಖರ್ಚು ಸುಮಾರು 600 ಪೌಂಡು. ಕ್ಲಬ್ಬಿನಲ್ಲಿ ದಿನಾ ನುಡಿಸುತ್ತಿದ್ದದ್ದನ್ನೇ ಒಟ್ಟಿಗೆ ನಿಂತು ನುಡಿಸಿದರು. ನಡುವೆ ಅಯೋಮಿಯ ಫೆಂಡರ್ ಗಿಟಾರ್ ಕೈಕೊಟ್ಟಿತು. ಪಕ್ಕದಲ್ಲಿಟ್ಟಿದ್ದ ಗಿಬ್ಸನ್ ಎಸ್‌ಜಿ ಎತ್ತಿಕೊಂಡ, ಅದೇ ಅವನ ಗುರುತಾಯಿತು. ನಿರ್ಮಾಪಕ ರಾಜರ್ ಬೇನ್ ಮಿಕ್ಸಿಂಗ್‌ಗೆ ಕೂತಾಗ ನಾಲ್ವರೂ ಮುಂದಿನ ಕಾರ್ಯಕ್ರಮಕ್ಕೆ ಹೊರಟಾಗಿತ್ತು. ತಮ್ಮ ಹಾಡಿನ ಮೊದಲಿಗೆ ಮಳೆ, ಗುಡುಗು, ಚರ್ಚಿನ ಗಂಟೆ ಸೇರಿದ್ದು ಅವರಿಗೆ ಗೊತ್ತಾಗಿದ್ದೇ ಆಮೇಲೆ.

ಆ ಮಳೆ ನಮ್ಮ ರಾಜಾಜಿನಗರದ ಮನೆಯಲ್ಲೂ ಒಮ್ಮೆ ಸುರಿಯಿತು. ಸ್ನೇಹಿತನಿಂದ ತಂದ ಕ್ಯಾಸೆಟ್ಟು, ಏಪ್ರಿಲ್ ಬಿಸಿಲು, ಟೆರೇಸಿನ ಮೇಲೆ ಅಜ್ಜಿಯ ಅರಳು ಸಂಡಿಗೆ. “ಏ, ಮಳೆ ಕಣೋ!” ಎಂದು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದ ಅಜ್ಜಿ ಬೆವರುತ್ತಾ ಇಳಿದು ಬಂದು, “ಮಳೆ ಸುಳ್ಳು, ಗಂಟೆ ಯಾವ ದೇವಸ್ಥಾನದ್ದೋ?” ಎಂದರು.

ಗಂಟೆ ನಿಂತ ಮೇಲೆ ಬರುವುದು ಮೂರೇ ಸ್ವರ. ಷಡ್ಜ, ಅದರ ಮೇಲಿನ ಷಡ್ಜ, ಆಮೇಲೆ ಇಳಿದು ನಿಲ್ಲುವ ಮಧ್ಯದ ಸ್ವರ. ಆ ಅಂತರಕ್ಕೆ ಯುರೋಪಿನವರು ಸೈತಾನನ ಹೆಸರು ಕೊಟ್ಟಿದ್ದಾರೆ. ನಮ್ಮ ಲೆಕ್ಕದಲ್ಲಿ ಅದು ಪ್ರತಿಮಧ್ಯಮ, ಕಲ್ಯಾಣಿ ರಾಗದಲ್ಲಿ ಬರುವ ಸ್ವರ. ಮದುವೆ ಮನೆಯಲ್ಲಿ ನಾದಸ್ವರದವರು ಎಳೆದರೆ ಯಾರೂ ಓಡಿಹೋಗುವುದಿಲ್ಲ. ಅಜ್ಜಿಯೂ ಹೆದರಲಿಲ್ಲ, ಅವರ ಸಿಟ್ಟೆಲ್ಲ ಸುಳ್ಳು ಮಳೆಯ ಮೇಲೆ.

ಆಲ್ಬಂ ಬಿಡುಗಡೆಯಾದದ್ದು 1970ರ ಫೆಬ್ರವರಿ 13ರಂದು. ತಾರೀಖು 13, ಶುಕ್ರವಾರ; ಅವರ ಪಾಲಿಗೆ ಅಪಶಕುನ, ಕಂಪನಿಯ ಪಾಲಿಗೆ ಜಾಹೀರಾತು. ರಕ್ಷಾಪುಟದಲ್ಲಿ ಆಕ್ಸ್‌ಫರ್ಡ್‌ಶೈರಿನ ಮೇಪಲ್‌ಡರ್‌ಹ್ಯಾಮ್ ನೀರುಗಿರಣಿ, ಅದರ ಮುಂದೆ ಕಪ್ಪು ನಿಲುವಂಗಿಯ ಹೆಂಗಸು. ಒಳಪುಟಕ್ಕೆ ತಲೆಕೆಳಗಾದ ಶಿಲುಬೆಯನ್ನು ಬ್ಯಾಂಡಿನವರನ್ನು ಕೇಳದೆಯೇ ಹಾಕಿದ್ದರು. ವಿಮರ್ಶಕರು ಜಾಡಿಸಿದರು, ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್ ಚೆನ್ನಾಗಿಯೇ ಉಗಿದ. ಜನ ಮಾತ್ರ ಕೊಂಡರು. ಬ್ರಿಟನ್ನಿನ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೆ ಬಂತು. 2011ರಲ್ಲಿ ನಮ್ಮ ಅರಮನೆ ಮೈದಾನದಲ್ಲಿ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ ನುಡಿಸಿದಾಗ ಕಪ್ಪು ಟೀ ಶರ್ಟು ಹಾಕಿ ಕುಣಿದ ಹುಡುಗರೆಲ್ಲ ಆ ಎರಡು ಟೊಪ್ಪಿಗೆಗಳ ಋಣದಲ್ಲಿದ್ದವರೇ.

ಹಾಗೆಂದು ಆಲ್ಬಂನ ಹಾಡುಗಳೆಲ್ಲವೂ ಚಿನ್ನವಲ್ಲ. ಬೇರೆಯವರಿಂದ ಎರವಲು ತಂದ ‘ಈವಿಲ್ ವುಮನ್’ ಸಪ್ಪೆ. ‘ವಾರ್ನಿಂಗ್’ ಕೂಡ ಎರವಲಿನದೇ, ಹತ್ತು ನಿಮಿಷ ಎಳೆದದ್ದು. ಅದರ ನಡುವೆ ಎದ್ದು ಕಾಫಿ ಮಾಡಿಕೊಂಡು ಬಂದರೂ ನಷ್ಟವಿಲ್ಲ.

2025ರ ಜುಲೈ 5ರಂದು ಆಸ್ಟನ್ನಿನ ವಿಲ್ಲಾ ಪಾರ್ಕಿನಲ್ಲಿ ನಾಲ್ವರೂ ಕೊನೆಯ ಸಲ ಒಟ್ಟಿಗೆ ನುಡಿಸಿದರು. ಪಾರ್ಕಿನ್ಸನ್ ಕಾಯಿಲೆಯ ಆಸಿ ಕೂತೇ ಹಾಡಿದ. ಅದೇ ತಿಂಗಳ 22ರಂದು ತೀರಿಕೊಂಡ. ಈಗ ಕುತೂಹಲಕ್ಕೆ ಕೇಳಲು ಹೊರಟವರು ಆ ಮೊದಲ ಆಲ್ಬಂನ ಮೊದಲ ಬದಿಯ ನಾಲ್ಕು ಹಾಡು ಪೂರ್ತಿ ಕೇಳಿ. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಬೇಡ. ಅದರಲ್ಲಿ ಬಾಸ್ ಕೇಳುವುದೇ ಇಲ್ಲ, ಆ ಬದಿಯ ‘ಎನ್.ಐ.ಬಿ.’ ಹಾಡು ಶುರುವಾಗುವುದೇ ನಮ್ಮ ಅಕೌಂಟ್ಸಿನವನ ಬಾಸಿನಿಂದ.