ಕವಣೆಯ ಕಲ್ಲು

ಕವಣೆ ಎಂದರೆ ನಮಗೆ ನೆನಪಾಗುವುದು ಜೋಳದ ಹೊಲ, ಅಟ್ಟಣಿಗೆ, ಗಿಳಿವಿಂಡು. ನಮ್ಮಜ್ಜ ಕಲ್ಲು ಬೀಸಿದರೆ ಹಕ್ಕಿಗಳು ಹಾರಿಹೋಗುತ್ತಿದ್ದವು, ಅಷ್ಟೇ. ಆದರೆ ಅದೇ ಹಗ್ಗ ಯುದ್ಧದಲ್ಲಿ ಯಮಪಾಶ! ತೋಳಿಗೆ ಹಗ್ಗದ ಉದ್ದವೂ ಸೇರಿ ಕಲ್ಲಿನ ವೇಗ ಬಹಳ ಹೆಚ್ಚುತ್ತದೆ. ಸ್ಪೇನಿನ ಬಲೆಯಾರಿಕ್ ದ್ವೀಪಗಳಲ್ಲಿ ತಾಯಿ ಇಟ್ಟ ರೊಟ್ಟಿಗೆ ಗುರಿ ತಾಗುವವರೆಗೂ ಮಗುವಿಗೆ ಹಿಂದೆ ಊಟವಿರುತ್ತಿರಲಿಲ್ಲವಂತೆ. ಮೈಹೊಕ್ಕ ಸೀಸದ ಗುಂಡನ್ನು ತೆಗೆಯುವ ಬಗೆಯನ್ನು ರೋಮಿನ ಸೆಲ್ಸಸ್ ತನ್ನ ವೈದ್ಯಗ್ರಂಥದಲ್ಲಿ ಬರೆದಿದ್ದಾನೆ. ಅಥೆನ್ಸಿನ ಅಂಥದೊಂದು ಗುಂಡು, ಕ್ರಿ.ಪೂ. 4ನೇ ಶತಮಾನದ್ದು, ಬ್ರಿಟಿಷ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಅದರ ಮೇಲೆ ಗ್ರೀಕ್ ಭಾಷೆಯಲ್ಲಿ ‘ತಗೋ’ ಎಂಬ ಮಾತಿದೆ. 1987ರ ನಂತರ ಪ್ಯಾಲೆಸ್ಟೀನಿನ ಹುಡುಗರು ಇಸ್ರೇಲಿ ಸೈನಿಕರತ್ತ ಬೀಸಿದ್ದೂ ಕವಣೆಯನ್ನೇ. ಮಕ್ಕಳು ಕೇಳಿದರೆ ಒಂದು ಕವಣೆ ಹೆಣೆದುಕೊಡಿ. ಜೊತೆಗೆ, ಎದುರಿಗೆ ಯಾರೂ ಇಲ್ಲದ ಬಯಲನ್ನೂ ತೋರಿಸಿಕೊಡಿ.